ಹಲಸಿನ ಕಸಿ ಗಿಡ: ಗಂಟಿನ ಕೆಳಗೆ ಕಣ್ಣಿಡಿ

ನಮ್ಮ ಗುಬ್ಬಿ ಕಡೆ ಈಗ ಸುಮಾರು ಜನ 'ಸಿದ್ದು' ಹಲಸಿನ ಕಸಿ ಗಿಡ ತಂದು ನೆಡುತ್ತಾರೆ. ಚೇಳೂರಿನ ಒಂದು ಹಳೇ ಮರದಿಂದ ಹಿರೇಹಳ್ಳಿಯ ತೋಟಗಾರಿಕೆ ಸಂಶೋಧನಾ ಕೇಂದ್ರದವರು ಬೆಳೆಸಿ ಕೊಟ್ಟ ತಳಿ ಇದು. ತೊಳೆ ತಾಮ್ರದ ಕೆಂಪು, ಹಣ್ಣು ಎರಡೂವರೆ ಕೆಜಿ ಆಸುಪಾಸು, ಒಂದು ಮನೆಗೆ ಅಷ್ಟು ಸಾಕು. ಆದರೆ ಏಳೆಂಟು ವರ್ಷ ಸಾಕಿದ ಮೇಲೆ ಯಾವುದೋ ಬಿಳಿಚಿದ ತೊಳೆಯ ಹಣ್ಣು ಬಿಟ್ಟಿತು ಅಂತ ಕೊರಗುವವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಗುಂಡಿ ಬೇಸಿಗೆಯಲ್ಲೇ ತೆಗೆಸಿ. ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳ, ಗಿಡದಿಂದ ಗಿಡಕ್ಕೆ ಇಪ್ಪತ್ತೈದರಿಂದ ಮೂವತ್ತು ಅಡಿ. ಮೇಲ್ಮಣ್ಣಿಗೆ ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ, ಒಂದು ಕೆಜಿ ಬೇವಿನ ಹಿಂಡಿ ಬೆರೆಸಿ ತುಂಬಿ. ಹಸಿ ಗೊಬ್ಬರ ಹಾಕಿದರೆ ಗೆದ್ದಲು ಬರುತ್ತದೆ. ಬೇರು ಬರಿಸುತ್ತೇವೆ ಅಂತ ಮಾರುವ ಬಾಟಲಿ ದ್ರಾವಣ ಕೊಳ್ಳಬೇಡಿ, ಆ ದುಡ್ಡಿಗೆ ಇನ್ನೊಂದು ಗಿಡ ಬರುತ್ತದೆ.

ಜೂನ್‌ನಲ್ಲಿ ಮಣ್ಣು ಚೆನ್ನಾಗಿ ನೆಂದ ಮೇಲೆ ನೆಡಿ. ಕವರನ್ನು ಬ್ಲೇಡಿನಿಂದ ಸೀಳಿ ತೆಗೆಯಿರಿ, ಎಳೆಯಬೇಡಿ. ಹಲಸಿನ ತಾಯಿಬೇರು ಮುರಿದರೆ ಗಿಡ ಚೇತರಿಸಿಕೊಳ್ಳುವುದು ಕಷ್ಟ.

ಈಗ ಮುಖ್ಯವಾದ ಮಾತು. ಬೀಜದಿಂದ ಎಬ್ಬಿಸಿದ ಗಿಡದ ಬುಡಕ್ಕೆ ಸಿದ್ದುವಿನ ಕಡ್ಡಿ ಸೇರಿಸಿ ಕಸಿ ಕಟ್ಟಿದ ಗಂಟು ಮಣ್ಣಿನಿಂದ ನಾಲ್ಕು ಬೆರಳಾದರೂ ಮೇಲಿರಬೇಕು. ಸುಮಾರು ಜನ ಗಿಡ ಅಲ್ಲಾಡದಿರಲಿ ಅಂತ ಗಂಟು ಮುಚ್ಚುವಷ್ಟು ಮಣ್ಣು ಏರಿಸುತ್ತಾರೆ. ಅಲ್ಲಿ ತೇವ ನಿಂತು ಗಂಟು ಕೊಳೆಯುತ್ತದೆ. ಅಲ್ಲಾಡಿದರೆ ಒಂದು ಗೂಟ ನೆಟ್ಟು ಕಟ್ಟಿ, ಅಷ್ಟೇ. ಗಂಟಿಗೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿ ಇನ್ನೂ ಇದ್ದರೆ, ಹೊಸ ಚಿಗುರು ಬಲಿತ ಮೇಲೆ ಕತ್ತರಿಸಿ ತೆಗೆಯಿರಿ, ಇಲ್ಲದಿದ್ದರೆ ಕಾಂಡ ದಪ್ಪವಾದಂತೆ ಅದೇ ಬಿಗಿದು ಕುತ್ತಿಗೆ ಹಿಸುಕುತ್ತದೆ. ಆಮೇಲೆ ಹದಿನೈದು ದಿನಕ್ಕೊಮ್ಮೆ ಗಂಟಿನ ಕೆಳಗೆ ಬಗ್ಗಿ ನೋಡಿ. ಅಲ್ಲಿಂದ ಬರುವ ಚಿಗುರು ಬೀಜದ ಗಿಡದ್ದು, ಸಿದ್ದುವಿನದಲ್ಲ. ಅದು ಜೋರಾಗಿ ಬೆಳೆಯುತ್ತದೆ, ನೋಡೋಕೆ ಚೆನ್ನಾಗಿರುತ್ತದೆ, ಕೀಳೋಕೆ ಮನಸ್ಸೇ ಬರುವುದಿಲ್ಲ. ಮೇಲಿನ ಕಸಿ ಸೊರಗಿ ಒಣಗಿದ್ದು ಗೊತ್ತೇ ಆಗುವುದಿಲ್ಲ. ಒಂದು ಗುರುತು ಹೇಳುತ್ತೇನೆ: ಎಳೇ ಬೀಜದ ಗಿಡದಲ್ಲಿ ಬೆರಳಿನ ಹಾಗೆ ಸೀಳಿದ ಎಲೆ ಬರುತ್ತದೆ, ಕಸಿ ಕಡ್ಡಿಯ ಎಲೆ ಸೀಳಿಲ್ಲದೆ ದುಂಡಗಿರುತ್ತದೆ. ಅನುಮಾನ ಬಂದರೂ ಸರಿ, ಗಂಟಿನ ಕೆಳಗಿನ ಚಿಗುರನ್ನು ಎಳೆಯದಾಗಿದ್ದಾಗಲೇ ಚಿವುಟಿ ಹಾಕಿ.

ಹಲಸು ಪಶ್ಚಿಮ ಘಟ್ಟದ ಮಳೆಕಾಡಿನ ಮರ. ನಮ್ಮ ಕೆಂಪು ಮಣ್ಣಲ್ಲಿ ಮೊದಲ ಎರಡು ಬೇಸಿಗೆ ನೀರು ಬೇಕೇ ಬೇಕು, ಆದರೆ ಬುಡದಲ್ಲಿ ನೀರು ನಿಲ್ಲಬಾರದು.

ನಾಲ್ಕೈದು ವರ್ಷಕ್ಕೆ ಹೂ ಬರುತ್ತದೆ. ಬೆರಳುದ್ದದ ಮಿಡಿ ಕಪ್ಪಾಗಿ ಉದುರಿದರೆ ಹೆದರಿ ಔಷಧಿ ಹೊಡೆಯಬೇಡಿ, ಹೆಚ್ಚಿನವು ಗಂಡು ಹೂವು, ಅವು ಉದುರಲೇಬೇಕು. ಮೊದಲ ಸಲ ಒಂದೆರಡು ಕಾಯಿ ಮಾತ್ರ ಉಳಿಸಿ. ಕಿತ್ತ ಎಳೆಕಾಯಿ ಪಲ್ಯಕ್ಕೆ ಆಗುತ್ತದೆ, ಕೈಗೂ ಕತ್ತಿಗೂ ಎಣ್ಣೆ ಸವರಿಕೊಂಡೇ ಹೆಚ್ಚಿ.