ಎಪ್ಪತ್ತರ ದಶಕದ ಐದು ರಾಕ್ ಆಲ್ಬಂ, ನಾನು ಸ್ಥಾನ ಕೊಟ್ಟ ಬಗೆ

ಎಪ್ಪತ್ತರ ದಶಕದ ರಾಕ್ ಆಲ್ಬಂಗಳಲ್ಲಿ ನನ್ನ ಮೆಚ್ಚಿನ ಐದನ್ನು ಸಾಲಾಗಿ ಬರೆಯಲು ಕೂತು ಮೂರು ಭಾನುವಾರ ಕಳೆದೆ. ನೆನಪಿನಿಂದ ಬರೆದ ಮೊದಲ ಪಟ್ಟಿ ನನ್ನದಾಗಿರಲಿಲ್ಲ. ಊರೆಲ್ಲ ಹೊಗಳುವ ಹೆಸರುಗಳನ್ನೇ ಮಗ್ಗಿಯಂತೆ ಒಪ್ಪಿಸಿದ್ದೆ. ಹರಿದುಹಾಕಿ ಒಂದು ನಿಯಮ ಮಾಡಿಕೊಂಡೆ. ಆಲ್ಬಂ ಪೂರ್ತಿ ಕೇಳಬೇಕು. ಹಾಡು ದಾಟಿಸಲು ಕೈ ಎದ್ದಾಗಲೆಲ್ಲ ಒಂದು ಗೀಟು. ಗೀಟು ಕಡಿಮೆ ಇದ್ದದ್ದು ಮೇಲಕ್ಕೆ.

ನಾನು ಇವನ್ನೆಲ್ಲ ಮೊದಲು ಕೇಳಿದ್ದು ಬೆಂಗಳೂರಿನ ಅಂಗಡಿಯೊಂದರಲ್ಲಿ ತುಂಬಿಸಿಕೊಂಡ 90 ನಿಮಿಷದ ಕ್ಯಾಸೆಟ್ಟಿನಲ್ಲಿ. ಒಂದು ಬದಿಗೆ ಪಿಂಕ್ ಫ್ಲಾಯ್ಡ್‌ನ ‘ದ ಡಾರ್ಕ್ ಸೈಡ್ ಆಫ್ ದ ಮೂನ್’, ಇನ್ನೊಂದು ಬದಿಗೆ ‘ವಿಶ್ ಯು ವರ್ ಹಿಯರ್’. ಮೊದಲನೆಯದು 43 ನಿಮಿಷ, ಎರಡನೆಯದು 44. ಅಳತೆ ಕೊಟ್ಟು ಹೊಲಿಸಿದಂತೆ ಕೂರುತ್ತಿದ್ದವು. ಈಗ ಕೇಳಿದರೆ ‘ಮನಿ’ ಬಂದಾಗ ಕೈ ತಾನಾಗಿ ಎದ್ದಿತು. ಅದೇ ಆಲ್ಬಮ್ಮಿನ ಎಲ್‌ಪಿ ಹಾಕಿ ನೋಡಿದೆ. ಅಲ್ಲಿ ‘ಮನಿ’ಗೆ ಮುಂಚೆ ತಟ್ಟೆ ಮಗುಚಲು ಏಳಬೇಕು. ಆ ಬಿಡುವಿನ ನಂತರ ನಾಣ್ಯಗಳ ಸದ್ದು ಹೊಸದಾಗಿ ಕೇಳಿಸಿತು. ಒಂದು ಗೀಟು ಅಳಿಸಿದೆ. ಆದರೂ 1973ರ ಈ ಆಲ್ಬಮ್ಮಿಗೆ ಮೂರನೆಯ ಸ್ಥಾನವೇ.

ಮೊದಲನೆಯದು 1975ರ ‘ವಿಶ್ ಯು ವರ್ ಹಿಯರ್’, ಒಂದೂ ಗೀಟಿಲ್ಲ. ‘ಶೈನ್ ಆನ್ ಯು ಕ್ರೇಜಿ ಡೈಮಂಡ್’ನಲ್ಲಿ ಗಾಯಕ ಬಾಯಿ ತೆರೆಯುವ ಹೊತ್ತಿಗೆ ಎಂಟು ನಿಮಿಷ ದಾಟಿರುತ್ತದೆ. ಹಿಂದೊಮ್ಮೆ ನಮ್ಮ ಅಜ್ಜಿ ಹೂ ಕಟ್ಟುತ್ತಾ ಇದನ್ನು ಕೇಳಿ, “ಆಲಾಪನೆ ಚೆನ್ನಾಗಿದೆ, ಪಲ್ಲವಿ ಎತ್ತಿಕೊಳ್ಳುವುದು ಯಾವಾಗ?” ಎಂದಿದ್ದರು. ಗಿಲ್ಮೋರ್‌ನ ಗಿಟಾರಿನ ಆ ನಾಲ್ಕು ಸ್ವರಗಳಿಗೆ ಕಾಯುವುದರಲ್ಲೇ ಸುಖವಿದೆ. ಹಾಡು ತಂಡದಿಂದ ದೂರವಾದ ಸಿಡ್ ಬ್ಯಾರೆಟ್‌ನನ್ನು ಕುರಿತದ್ದು. ಧ್ವನಿಮುದ್ರಣ ನಡೆದಿದ್ದಾಗ ಆತ ತಲೆ ಬೋಳಿಸಿಕೊಂಡು ಸ್ಟುಡಿಯೋಗೆ ಬಂದರೆ ಹಳೆಯ ಗೆಳೆಯರಿಗೇ ಗುರುತು ಹತ್ತಲಿಲ್ಲ.

ಎರಡನೆಯದು ಡೀಪ್ ಪರ್ಪಲ್‌ನ ‘ಮಷೀನ್ ಹೆಡ್’, 1972. ಸ್ವಿಟ್ಜರ್ಲೆಂಡಿನ ಮಾಂಟ್ರೂನಲ್ಲಿ ಧ್ವನಿಮುದ್ರಣಕ್ಕೆ ಗೊತ್ತು ಮಾಡಿದ್ದ ಕ್ಯಾಸಿನೊ ಸುಟ್ಟುಹೋಗಿ, ಚಳಿಗಾಲಕ್ಕೆ ಮುಚ್ಚಿದ್ದ ಹೋಟೆಲಿನ ಮೊಗಸಾಲೆಯಲ್ಲಿ ನುಡಿಸಿದ್ದು. ಯಂತ್ರಗಳಿದ್ದ ಟ್ರಕ್ ಹೊರಗಿತ್ತು. ನುಡಿಸಿದ್ದನ್ನು ಕೇಳಲು ಕೋಣೆ, ಬಾಲ್ಕನಿಗಳನ್ನು ಸುತ್ತಿ ಹೋಗಬೇಕಾಗಿದ್ದರಿಂದ ಹೋಗುವುದನ್ನೇ ಬಿಟ್ಟರಂತೆ. ತಿದ್ದಿ ತೀಡದ ಆ ಬಿಸಿ ಇಂದಿಗೂ ಆರಿಲ್ಲ.

ಲೆಡ್ ಜೆಪ್ಪೆಲಿನ್‌ನ 1971ರ ಹೆಸರಿಲ್ಲದ ನಾಲ್ಕನೆಯ ಆಲ್ಬಂ ನಾಲ್ಕರಲ್ಲೇ ನಿಂತಿತು. ‘ಸ್ಟೇರ್‌ವೇ ಟು ಹೆವನ್’ ಸವೆದ ನಾಣ್ಯವಾಗಿದೆ, ನನ್ನ ಮಟ್ಟಿಗೆ. ಕೊನೆಯ ಹಾಡಿಗೆ ಹಳೆಯ ಮನೆಯ ಮೆಟ್ಟಿಲ ಬುಡದಲ್ಲಿ ಡ್ರಮ್ ಇಟ್ಟು, ಮೇಲಿನಿಂದ ಮೈಕ್ ಇಳಿಬಿಟ್ಟು ಹಿಡಿದ ಬಾನಮ್‌ನ ಏಟುಗಳು ಇಲ್ಲದಿದ್ದರೆ ಇನ್ನೂ ಕೆಳಗಿಳಿಯುತ್ತಿತ್ತು.

ಐದನೆಯದರಲ್ಲಿ ತಕರಾರು. ದ ಕ್ಲ್ಯಾಶ್‌ನ ‘ಲಂಡನ್ ಕಾಲಿಂಗ್’ ಬ್ರಿಟನ್ನಿನಲ್ಲಿ 1979ರ ಡಿಸೆಂಬರಿನಲ್ಲಿ ಬಂತು, ಅಮೆರಿಕದಲ್ಲಿ 1980ರ ಜನವರಿಯಲ್ಲಿ. ಅಮೆರಿಕದ ‘ರೋಲಿಂಗ್ ಸ್ಟೋನ್’ ಪತ್ರಿಕೆ ಅದನ್ನು ಎಂಬತ್ತರ ದಶಕದ ಮೊದಲ ಸ್ಥಾನಕ್ಕೇ ಏರಿಸಿತು. ನಾನು ಲಂಡನ್ನಿನ ತಾರೀಖು ಹಿಡಿದೆ. 19 ಹಾಡು, ನಾಲ್ಕು ಗೀಟು. ಕ್ಯಾಸೆಟ್ಟಿನ ಒಂದು ಬದಿಗಂತೂ ಹಿಡಿಸುತ್ತಿರಲಿಲ್ಲ.