ಲೀನ್ ಓಡುತ್ತಿದ್ದ ಎಂಜಿನ್, 120 ರೂಪಾಯಿ ಪೈಪು

ನಮ್ಮ ಹಳೇ ಪೆಟ್ರೋಲ್ ಕಾರು ಸಿಗ್ನಲ್‌ನಲ್ಲಿ ನಿಂತಾಗ ನಡುಗುತ್ತಿತ್ತು, ಚೆಕ್ ಎಂಜಿನ್ ದೀಪವೂ ಹತ್ತಿತ್ತು. ಗ್ಯಾರೇಜಿನಲ್ಲಿ ಆಕ್ಸಿಜನ್ ಸೆನ್ಸರ್ (ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆ ಎಂದು ನೋಡುವ ಭಾಗ) ಬದಲಿಸಬೇಕು ಎಂದರು. ಅಷ್ಟು ದುಡ್ಡು ಕೈಯಲ್ಲಿರಲಿಲ್ಲ. ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದುವ, ಗೆಳೆಯನ ಬ್ಲೂಟೂತ್ ಒಬಿಡಿ ಅಡಾಪ್ಟರ್ ತಂದು ಫೋನಿಗೆ ಜೋಡಿಸಿದೆ. ಕೋಡ್ ಪಿ0171. ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ; ಇದಕ್ಕೇ ಲೀನ್ ಅನ್ನೋದು. ಸೆನ್ಸರ್ ಎಷ್ಟೋ ಸಲ ಇದ್ದದ್ದನ್ನೇ ಹೇಳುತ್ತಿರುತ್ತದೆ, ಅಲ್ವಾ?

ಸುಳಿವು ಕೊಟ್ಟಿದ್ದು ಫ್ಯೂಯೆಲ್ ಟ್ರಿಮ್, ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಮ್ಮಿ ಮಾಡುತ್ತಿದೆ ಎಂಬ ಲೆಕ್ಕ. ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) ಪ್ಲಸ್ ಶೇ. 22 ಇತ್ತು, 2500 ಆರ್‌ಪಿಎಂಗೆ ಏರಿಸಿದರೆ ಶೇ. 5ಕ್ಕೆ ಇಳಿಯಿತು. ಪಂಪ್ ಅಥವಾ ಫಿಲ್ಟರ್ ಸೋತಿದ್ದರೆ ಲೋಡ್ ಹೆಚ್ಚಿದಂತೆ ಅದು ಏರಬೇಕಿತ್ತು. ಐಡಲ್‌ನಲ್ಲಿ ಮಾತ್ರ ಜಾಸ್ತಿ ಅಂದರೆ ಎಂಜಿನ್‌ಗೆ ಗಾಳಿ ಹೋಗುವ ಇನ್‌ಟೇಕ್‌ನಲ್ಲಿ ಎಲ್ಲೋ ಕಳ್ಳಗಾಳಿ ನುಗ್ಗುತ್ತಿದೆ. ಆಕ್ಸಿಲರೇಟರ್ ಒತ್ತಿ ಥ್ರಾಟಲ್ (ಗಾಳಿಯ ಬಾಗಿಲು) ತೆರೆದಾಗ ಬರುವ ಗಾಳಿಯ ಮುಂದೆ ಆ ಸೋರಿಕೆ ಲೆಕ್ಕಕ್ಕೇ ಇಲ್ಲ.

ಸೋರಿಕೆಯನ್ನು ಕಾರ್ಬ್ ಕ್ಲೀನರ್ (ಕಾರ್ಬ್ಯುರೇಟರ್ ತೊಳೆಯುವ ಸ್ಪ್ರೇ) ಸಿಂಪಡಿಸಿ ಹುಡುಕುವವರಿದ್ದಾರೆ. ಬಿಸಿ ಎಂಜಿನ್ ಮೇಲೆ ಅದಕ್ಕೆ ಬೆಂಕಿ ಹತ್ತಬಹುದು, ನನಗಂತೂ ಧೈರ್ಯವಿಲ್ಲ. ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿ ಸಾಕಾಯಿತು. ವೈರಿಂಗ್ ಕನೆಕ್ಟರ್ ಬಿಟ್ಟು ಪೈಪುಗಳ ಮೇಲೆ ಸ್ವಲ್ಪ ಸ್ವಲ್ಪವೇ ಚಿಮುಕಿಸಿದೆ. ಎಂಜಿನ್ ಒಳಗಿನ ಆವಿಯನ್ನು ಇನ್‌ಟೇಕ್‌ಗೆ ಒಯ್ಯುವ ಪಿಸಿವಿ ಪೈಪಿನ ತಿರುವಿಗೆ ನೀರು ಬಿದ್ದ ಕೂಡಲೇ ಎಂಜಿನ್ ಸದ್ದು ಬದಲಾಯಿತು. ಪೈಪು ಅಡಿಭಾಗದಲ್ಲಿ ಸೀಳಿತ್ತು. 120 ರೂಪಾಯಿ ಕೊಟ್ಟು ಹೊಸದು ಹಾಕಿದೆ. ಎಣ್ಣೆ ತಡೆಯುವ ಪೈಪೇ ಹಾಕಬೇಕು, ಸುಮ್ನೆ ನೀರಿನ ಪೈಪು ಹಾಕಿದರೆ ಮೆತ್ತಗಾಗುತ್ತದೆ. ಈಗ ಟ್ರಿಮ್ ಶೇ. 3ರಲ್ಲಿ ನಿಂತಿದೆ.