ಹರವಿಯ ನೀರು, ಬಾಟಲಿಯ ಚೀಟಿ

ಗದಗ-ಬೆಟಗೇರಿಗೆ ತುಂಗಭದ್ರೆಯ ನೀರು, ಹುಬ್ಬಳ್ಳಿ-ಧಾರವಾಡಕ್ಕೆ ಮಲಪ್ರಭೆಯ ನೀರು ಬರುತ್ತದೆಯಾದರೂ ಎಲ್ಲ ಓಣಿಗಳ ನಲ್ಲಿಗೆ ಅದು ನಿತ್ಯ ಬರುವುದಿಲ್ಲ. ಹೀಗಾಗಿ ನಮ್ಮ ಕಡೆಯ ಸಂಸಾರದಲ್ಲಿ ನೀರು ತುಂಬಿಡುವುದು ಅಡುಗೆಯಷ್ಟೇ ದೊಡ್ಡ ಕೆಲಸ. ತುಂಬಿಟ್ಟ ನೀರು ಎಷ್ಟು ದಿನದ್ದು ಎಂಬ ಲೆಕ್ಕ ಮನೆಯಲ್ಲಿ ಒಬ್ಬರಿಗಾದರೂ ಇರಬೇಕು. ಡೆಂಗಿ ಹರಡುವ ಸೊಳ್ಳೆಯು ಪಾತ್ರೆಯ ಒಳಗೋಡೆಗೆ, ನೀರಿನ ಅಂಚಿನಲ್ಲಿ ಮೊಟ್ಟೆ ಅಂಟಿಸುತ್ತದೆ. ನೀರು ಚೆಲ್ಲಿದರೂ ಆ ಮೊಟ್ಟೆಗಳು ಒಣಗಿಯೇ ತಿಂಗಳುಗಟ್ಟಲೆ ಉಳಿದು, ಮತ್ತೆ ನೀರು ತಾಗಿದಾಗ ಒಡೆಯುತ್ತವೆ. ಆದ್ದರಿಂದ ವಾರಕ್ಕೊಮ್ಮೆ ಬ್ಯಾರಲ್, ಕೊಡ, ಹಂಡೆಗಳನ್ನು ಬರಿದು ಮಾಡಿದರೆ ಸಾಲದು, ಒಳಮೈಯನ್ನು ತಿಕ್ಕಿ ತೊಳೆದು, ಬಿಸಿಲಿಗೆ ಬೋರಲು ಹಾಕಬೇಕು. ಮಣ್ಣಿನ ಹರವಿಗೆ ಮಾತ್ರ ಸಾಬೂನು ತಾಗಿಸಬಾರದು, ಮಣ್ಣು ಅದನ್ನು ಹೀರಿಕೊಳ್ಳುತ್ತದೆ. ನಾನು ತೆಂಗಿನ ನಾರನ್ನು ಬಿಸಿನೀರಿನಲ್ಲಿ ಅದ್ದಿ, ಕೈ ಒಳಗೆ ಇಳಿಸಿ ತಳದಿಂದ ಮೇಲಕ್ಕೆ ತಿಕ್ಕುತ್ತೇನೆ. ಬೆರಳಿಗೆ ಲೋಳೆ ಹತ್ತದೆ ಮಣ್ಣಿನ ಒರಟುತನವೇ ಸಿಗುವವರೆಗೆ ಬಿಡುವುದಿಲ್ಲ. ಕುಡಿಯುವ ನೀರು ತೆಗೆಯಲು ಉದ್ದ ಹಿಡಿಕೆಯ ಸೌಟೊಂದನ್ನು ಪಕ್ಕದಲ್ಲಿಯೇ ತೂಗುಹಾಕಬೇಕು. ಕುದಿಸಿ ಆರಿಸಿದ ನೀರು ಕೂಡ, ಕೈ ಅದ್ದಿದ ತಂಬಿಗೆಯಿಂದ ಒಂದೇ ಗಳಿಗೆಯಲ್ಲಿ ಕೆಡುತ್ತದೆ.

ನೀರು ಕಾಯಿಸುವುದೆಂದರೆ ಬೆಚ್ಚಗೆ ಮಾಡುವುದಲ್ಲ, ಗುಳ್ಳೆಯೆದ್ದು ಕೊತಕೊತನೆ ಒಂದು ನಿಮಿಷವಾದರೂ ಕುದಿಯಬೇಕು. ಇದರಿಂದ ವಾಂತಿ, ಭೇದಿ, ಕಾಮಾಲೆ ತರುವ ರೋಗಾಣುಗಳು ಸಾಯುತ್ತವೆ. ಆದರೆ ಕುದಿಸಿದರೆ ಎಲ್ಲ ದೋಷವೂ ಹೋಯಿತು ಎಂಬ ನಂಬಿಕೆ ನಮ್ಮ ಸೀಮೆಗೆ ಅಪಾಯಕಾರಿ. ನನ್ನ ತವರು ಮುಂಡರಗಿಯ ಕಡೆಯ ಹಳ್ಳಿ. ಅಲ್ಲಿಯ ಬೋರಿನ ನೀರು ತಿಳಿಯಾಗಿಯೂ ರುಚಿಯಾಗಿಯೂ ಇರುತ್ತಿತ್ತು. ಅದನ್ನೇ ಕುಡಿದು ಬೆಳೆದ ನನ್ನ ತಮ್ಮನ ಹಲ್ಲುಗಳ ಮೇಲೆ ಕಂದು ಗೆರೆಗಳು ಮೂಡಿದಾಗ, ಹಲ್ಲುಜ್ಜುವುದಿಲ್ಲವೆಂದು ನಮ್ಮವ್ವ ಅವನನ್ನು ಎಷ್ಟೋ ಸಲ ಬೈದಿದ್ದಳು. ಅದು ನೆಲದೊಳಗಿನ ಕಲ್ಲಿನಿಂದ ನೀರಿಗೆ ಕರಗಿ ಬರುವ ಫ್ಲೋರೈಡ್ ಎಂಬ ಲವಣಾಂಶದ ಕಲೆ, ಹುಡುಗನ ತಪ್ಪಲ್ಲ ಎಂದು ನಮಗೆ ತಿಳಿದದ್ದು ಬಹಳ ತಡವಾಗಿ. ಈ ಕಲೆ ಹಲ್ಲು ಹುಟ್ಟುವ ಮೊದಲೇ, ಒಸಡಿನೊಳಗೆ ಬೆಳೆಯುತ್ತಿರುವಾಗಲೇ ಕೂಡುವಂಥದ್ದು. ಆಮೇಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಅಂಥ ನೀರನ್ನೇ ವರ್ಷಗಟ್ಟಲೆ ಕುಡಿದವರ ಕೀಲುಗಳು ಬಿಗಿಯುತ್ತವೆ, ಬೆನ್ನು ಬಾಗುತ್ತದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದ ಪಕ್ಷದಲ್ಲಿ 1.5ರವರೆಗೆ ಎಂಬುದು ನಮ್ಮ ದೇಶದ ಮಾನಕ. ಅದು ಕಣ್ಣಿಗೆ ಕಾಣದು, ನಾಲಗೆಗೆ ತಿಳಿಯದು, ಬಟ್ಟೆಯಲ್ಲಿ ಸೋಸಿದರೆ ಹೋಗದು. ಕುದಿಸಿದರಂತೂ ನೀರು ಆವಿಯಾಗಿ ಉಳಿದದ್ದರಲ್ಲಿ ಅದರ ಪ್ರಮಾಣ ಇನ್ನಷ್ಟು ಹೆಚ್ಚುತ್ತದೆ. ಆದ್ದರಿಂದ ಬೋರಿನ ನೀರನ್ನು ಒಮ್ಮೆ ಪರೀಕ್ಷೆಗೆ ಕೊಟ್ಟು ಅಂಕಿಯನ್ನು ನೋಡಿಯೇ ತೀರಬೇಕು. ಫ್ಲೋರೈಡ್ ಹೆಚ್ಚಿದ್ದರೆ ಆ ನೀರನ್ನು ಬಳಕೆಗೆ ಇಟ್ಟುಕೊಂಡು, ಕುಡಿಯಲು ಮತ್ತು ಅಡುಗೆಗೆ ನದಿಯ ನೀರನ್ನೋ, ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೋ, ಶುಚಿಯಾದ ಮಾಳಿಗೆಯಿಂದ ಹಿಡಿದ ಮಳೆನೀರನ್ನೋ ಬಳಸಬೇಕು. ಅಡುಗೆಯ ನೀರನ್ನು ಜನ ಮರೆಯುತ್ತಾರೆ. ಬೇಳೆ ಬೇಯಿಸಿದ ನೀರೂ ಹೊಟ್ಟೆಗೇ ಹೋಗುವಂಥದ್ದು.

ಚಹಾದ ಬಗ್ಗೆ ಮಾತನಾಡಿದರೆ ನಮ್ಮವರಿಗೆ ಬೇಸರವಾಗುತ್ತದೆ, ಆದರೂ ಹೇಳಬೇಕು. ಊಟದ ಜೊತೆಗೆ ಅಥವಾ ಉಂಡ ಕೂಡಲೇ ಕುಡಿದ ಚಹಾ, ಸೊಪ್ಪಿನಲ್ಲಿಯೂ ಕಾಳಿನಲ್ಲಿಯೂ ಇರುವ ಕಬ್ಬಿಣದ ಅಂಶ ಮೈಗೆ ಹತ್ತದಂತೆ ತಡೆಯುತ್ತದೆ. ರಕ್ತ ಕಡಿಮೆಯಿರುವ ಹೆಣ್ಣುಮಕ್ಕಳು, ಬಸುರಿಯರು ಉಂಡ ಮೇಲೆ ಒಂದು ತಾಸಾದರೂ ತಡೆದು ಚಹಾ ಕುಡಿಯುವುದು ಒಳ್ಳೆಯದು. ಊಟಕ್ಕೆ ಲಿಂಬೆಹಣ್ಣು ಹಿಂಡಿಕೊಂಡರೆ ಅದೇ ಕಬ್ಬಿಣ ಚೆನ್ನಾಗಿ ಹತ್ತುತ್ತದೆ.

ಅಂಗಡಿಯ ಬಾಟಲಿಯನ್ನು ಕೈಗೆತ್ತಿಕೊಂಡಾಗ ಮುಂದಿನ ಹಣ್ಣಿನ ಚಿತ್ರವನ್ನು ನೋಡದೆ, ತಿರುಗಿಸಿ ಹಿಂದಿನ ಚೀಟಿಯನ್ನು ಓದಬೇಕು. ಯಾವ ಪದಾರ್ಥ ತೂಕದಲ್ಲಿ ಹೆಚ್ಚಿದೆಯೋ ಅದರ ಹೆಸರು ಮೊದಲು ಬರುವುದು ನಿಯಮ. ನೀರಿನ ನಂತರ ಸಕ್ಕರೆ ಎಂದಿದ್ದರೆ ಒಳಗಿರುವುದು ಹಣ್ಣಿನ ರಸ ಎನ್ನುವುದಕ್ಕಿಂತ ಸಕ್ಕರೆಯ ನೀರು. 100 ಮಿಲಿಲೀಟರಿಗೆ 10 ಗ್ರಾಂ ಸಕ್ಕರೆ ಎಂದು ಬರೆದ 250 ಮಿಲಿಲೀಟರಿನ ಬಾಟಲಿಯಲ್ಲಿ 25 ಗ್ರಾಂ, ಅಂದರೆ ಐದಾರು ಚಮಚ ಸಕ್ಕರೆ ಇರುತ್ತದೆ. ದೊಡ್ಡವರು ಇಡೀ ದಿನಕ್ಕೆ ಹೊರಗಿನಿಂದ ಬೆರೆಸಿದ ಸಕ್ಕರೆಯನ್ನು ಸುಮಾರು ಅಷ್ಟಕ್ಕೇ ಇಳಿಸಿಕೊಂಡರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಭೇದಿಯಲ್ಲಿ ಮೈ ಕಳೆದುಕೊಂಡ ನೀರು, ಲವಣಗಳನ್ನು ಮರಳಿ ತುಂಬಲು ಕುಡಿಸುವ ಉಪ್ಪು-ಸಕ್ಕರೆಯ ದ್ರಾವಣಕ್ಕೆ ಓಆರ್‌ಎಸ್ ಎನ್ನುತ್ತಾರೆ. ಒಮ್ಮೆ ಮೊಮ್ಮಗನಿಗೆ ಭೇದಿ ಹತ್ತಿದಾಗ, ಓಆರ್‌ಎಸ್ ಎಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದ ತಯಾರಿ ಪೇಯದ ಡಬ್ಬಿಯನ್ನು ಮಗ ಅಂಗಡಿಯಿಂದ ತಂದ. ಅದು ಬರೀ ಸಿಹಿ ಪಾನಕವೆಂದು ಚೀಟಿ ಓದಿದಾಗ ಗೊತ್ತಾಯಿತು. ಅತಿಯಾದ ಸಕ್ಕರೆ ಭೇದಿಯನ್ನು ಇನ್ನೂ ಹೆಚ್ಚಿಸುತ್ತದೆ. ಅಂಥ ಪೇಯಗಳು ಆ ಹೆಸರನ್ನು ಹಾಕಿಕೊಳ್ಳಬಾರದೆಂದು 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತೆಯ ಪ್ರಾಧಿಕಾರ ಆದೇಶ ಹೊರಡಿಸಿದಾಗ ನನಗೆ ಎಷ್ಟೋ ಸಮಾಧಾನವಾಯಿತು. ಔಷಧದ ಅಂಗಡಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್ ಪುಡಿ ಎಂದೇ ಕೇಳಿ ಕೊಳ್ಳಬೇಕು. 20.5 ಗ್ರಾಂ ಪೊಟ್ಟಣವನ್ನು ಕುದಿಸಿ ಆರಿಸಿದ ಒಂದು ಲೀಟರ್ ನೀರಿನಲ್ಲಿ ಪೂರ್ತಿಯಾಗಿ ಕಲಸಿ, ಚಮಚದಿಂದ ಸ್ವಲ್ಪಸ್ವಲ್ಪವಾಗಿ ಕುಡಿಸಬೇಕು. ಅರ್ಧ ಪೊಟ್ಟಣವನ್ನು ಅಂದಾಜಿನ ಮೇಲೆ ಲೋಟದಲ್ಲಿ ಕಲಸಿದರೆ ಉಪ್ಪಿನ ಪ್ರಮಾಣ ತಪ್ಪುತ್ತದೆ. ಒಂದು ದಿನ ಕಳೆದ ಮೇಲೆ ಉಳಿದದ್ದನ್ನು ಚೆಲ್ಲಬೇಕು. ಕೂಸಿನ ಕಣ್ಣು ಗುಳಿ ಬಿದ್ದು, ಮೂತ್ರ ನಿಂತು, ಮಂಕಾಗಿ ಮಲಗಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಆರು ತಿಂಗಳೊಳಗಿನ ಆರೋಗ್ಯವಾಗಿರುವ ಕೂಸಿಗೆ ಬೇಸಿಗೆಯಲ್ಲಿಯೂ ತಾಯಿಯ ಹಾಲೇ ಸಾಕು, ಮೇಲೆ ನೀರು ಕುಡಿಸಬಾರದು.

ಬಿಸಿಲಿನ ದಿನಗಳಲ್ಲಿ ನಮ್ಮ ಮನೆಯಲ್ಲಿ ನೀರಿನ ನಂತರದ ಸ್ಥಾನ ಮಜ್ಜಿಗೆಯದು. ಒಂದು ಬಟ್ಟಲು ಮೊಸರಿಗೆ ನಾಲ್ಕು ಬಟ್ಟಲು ತಣ್ಣೀರು ಹಾಕಿ ಕಡೆದು, ಜಜ್ಜಿದ ಹಸಿಶುಂಠಿ, ಹುರಿದ ಜೀರಿಗೆಯ ಪುಡಿ, ಹೆಚ್ಚಿದ ಕೊತ್ತಂಬರಿ ಬೆರೆಸುತ್ತೇನೆ. ಉಪ್ಪನ್ನು ಬೇರೆ ಇಡುತ್ತೇನೆ, ಏಕೆಂದರೆ ಮನೆಯವರಿಗೆ ರಕ್ತದೊತ್ತಡವಿದೆ. ಇದನ್ನು ಮಣ್ಣಿನ ಅಥವಾ ಸ್ಟೀಲಿನ ಪಾತ್ರೆಯಲ್ಲಿಯೇ ಇಡಬೇಕು. ತಾಮ್ರದ ತಂಬಿಗೆಯಲ್ಲಿ ಹುಳಿಯಾದ ಯಾವುದನ್ನೂ, ಮಜ್ಜಿಗೆಯಾಗಲಿ ಲಿಂಬೆಯ ಶರಬತ್ತಾಗಲಿ, ಇಡಬಾರದು. ತಾಮ್ರ ಅದರಲ್ಲಿ ಬಿಟ್ಟುಕೊಂಡು ಹೊಟ್ಟೆ ತೊಳಸುತ್ತದೆ. ಬೆಳಗ್ಗೆ ಕಡೆದದ್ದು ಸಂಜೆಗೆ ಉಳಿದು ಹುಳಿ ಏರಿದ್ದರೆ ಅದನ್ನು ಕುಡಿಯಲು ಕೊಡದೆ, ರಾತ್ರಿಯ ಸಾರಿಗೆ ಹಚ್ಚುತ್ತೇನೆ.